ಭಯಾನಕಾಭಾಸ ಮತ್ತು ಸ್ಮೃತಿಹಾಸ್ಯ: ‘ಮ್ಯಾಟಿನಿ’ಯಿಂದ ಟೆಂಟ್ ಸಿನಿಮಾದವರೆಗೆ

ಅಲ್ಪವೆಚ್ಚದಲ್ಲಿ ತಯಾರಾದ ಹಳೆಯ ದೈತ್ಯಚಿತ್ರಗಳನ್ನು ಇಂದು ನೋಡಿದರೆ ನಗು ಬರುತ್ತದೆ. ಈ ನಗೆ ಕೇವಲ ಅಪಹಾಸ್ಯವೇ? ಈ ಪ್ರಶ್ನೆಯ ಪರಿಶೀಲನೆಗೆ ಜೋ ದಾಂತೆ ನಿರ್ದೇಶಿಸಿದ ‘ಮ್ಯಾಟಿನಿ’ (1993) ತಕ್ಕ ನಿದರ್ಶನವಾಗಿದೆ.

ಕಥೆ ನಡೆಯುವುದು 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ದಿನಗಳಲ್ಲಿ, ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ. ಅರ್ಧ ಮನುಷ್ಯ, ಅರ್ಧ ಇರುವೆಯಾದ ದೈತ್ಯನ ಚಿತ್ರವನ್ನು ಹೊತ್ತು ಲಾರೆನ್ಸ್ ವೂಲ್ಸಿ ಎಂಬ ನಿರ್ಮಾಪಕ ಅಲ್ಲಿಗೆ ಬರುತ್ತಾನೆ. ಚಿತ್ರಮಂದಿರವನ್ನೇ ನಡುಗಿಸಿ ಜನರನ್ನು ಬೆಚ್ಚಿಬೀಳಿಸುವುದು ಅವನ ತಂತ್ರ. ಈ ಪಾತ್ರಕ್ಕೆ ಪ್ರೇರಣೆ ವಿಲಿಯಂ ಕ್ಯಾಸಲ್. ‘ದಿ ಟಿಂಗ್ಲರ್’ (1959) ಚಿತ್ರದ ಪ್ರದರ್ಶನಕ್ಕಾಗಿ ಆತ ಕೆಲವು ಆಸನಗಳಡಿ ಕಂಪಿಸುವ ಯಂತ್ರಗಳನ್ನು ಅಳವಡಿಸಿದ್ದನು.

ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತನು ಹೇಳಿದ್ದಾನೆ. ಅಭಿನವಗುಪ್ತನು ಇದನ್ನು ವಿಸ್ತರಿಸಿ, ಇತರ ರಸಗಳ ಆಭಾಸವೂ ಹಾಸ್ಯಕ್ಕೆ ಕಾರಣವಾಗುತ್ತದೆಂದು ವಿವರಿಸುತ್ತಾನೆ. ಈ ದೃಷ್ಟಿಯಿಂದ ರಬ್ಬರಿನ ದೈತ್ಯ ಭಯಾನಕಾಭಾಸ. ಆದರೆ ‘ಮ್ಯಾಟಿನಿ’ ಅಲ್ಲಿಗೇ ನಿಲ್ಲುವುದಿಲ್ಲ. ಅಣುಬಾಂಬಿನ ನಿಜವಾದ ಭಯದಲ್ಲಿದ್ದ ಮಕ್ಕಳಿಗೆ ಆ ಸುಳ್ಳು ಭಯವೇ ಬಿಡುಗಡೆಯಾಗುತ್ತದೆ. ಪ್ರೇಕ್ಷಕನು ದೈತ್ಯನನ್ನು ಕಂಡು ನಗುವುದರೊಡನೆ, ಒಮ್ಮೆ ಹೆದರಿದ್ದ ತನ್ನನ್ನೂ ನೆನೆಯುತ್ತಾನೆ. ಸ್ಮೃತಿಯೆಂಬ ವ್ಯಭಿಚಾರಿಭಾವ ಹಾಸ್ಯದೊಡನೆ ಬೆರೆಯುವುದರಿಂದ ಅಪಹಾಸ್ಯ ಅಕ್ಕರೆಯಾಗುತ್ತದೆ.

ಕನ್ನಡದಲ್ಲಿಯೂ ಇಂತಹ ಸ್ಮೃತಿಗೆ ಆಕರಗಳುಂಟು. ಮಹಾತ್ಮ ಪಿಕ್ಚರ್ಸ್ ಸಂಸ್ಥೆ ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಮೊದಲಾದ ಅದ್ಭುತ ಕಥಾಚಿತ್ರಗಳನ್ನು ನಿರ್ಮಿಸಿತು. ಅದರಲ್ಲಿ ಡಿ. ಶಂಕರ್ ಸಿಂಗ್ ಅವರೊಡನೆ ದುಡಿದ ಬಿ. ವಿಠಲಾಚಾರ್ಯರು ಮುಂದೆ ತೆಲುಗಿನಲ್ಲಿ ಮಾಯಾಮಂತ್ರಗಳ ಚಿತ್ರಗಳಿಗೇ ಹೆಸರಾದರು. ಯಕ್ಷಗಾನದ ಬಣ್ಣದ ವೇಷವನ್ನು ಕೃತಕವೆಂದು ತಿಳಿದೂ ಒಪ್ಪುವ ಪ್ರೇಕ್ಷಕನಿಗೆ ತೆರೆಯ ಮೇಲಿನ ಮಾಯೆ ಅಪರಿಚಿತವಾಗಿರಲಿಲ್ಲ. ಆದುದರಿಂದ ಅಂದಿನ ಪ್ರೇಕ್ಷಕನು ಮೋಸಹೋದನೆನ್ನುವುದಕ್ಕಿಂತ ಆಟಕ್ಕೆ ಒಪ್ಪಿದನೆನ್ನುವುದೇ ಸರಿ.

ಸ್ಮೃತಿಹಾಸ್ಯಕ್ಕೆ ಮೂಲಕೃತಿಯ ನೆನಪು ಅನಿವಾರ್ಯ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿಯೇ ಉಳಿದಿಲ್ಲ. ಚಿತ್ರಸುರುಳಿಗಳೊಡನೆ ಅವುಗಳನ್ನು ಕಂಡವರ ಅನುಭವವೂ ಅಳಿದರೆ, ಮುಂದಿನವರಿಗೆ ಉಳಿಯುವುದು ಅಗ್ಗದ ತಂತ್ರದ ಬಗೆಗಿನ ತಾತ್ಸಾರ ಮಾತ್ರ. ಪೀಣ್ಯದ ಕಾರ್ಖಾನೆಗಳಿಗಾಗಿ ನಾಡಿನ ನಾನಾ ಕಡೆಗಳಿಂದ ಬಂದು ನೆಲೆಸಿದ ಹಿರಿಯರಲ್ಲಿ ಊರಿನ ಟೆಂಟ್ ಸಿನಿಮಾ ಕಂಡವರಿದ್ದಾರೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಕಾಲೇಜುಗಳ ಕನ್ನಡ ವಿಭಾಗಗಳು ಜನಪದ ಕಥೆಗಳನ್ನು ಸಂಗ್ರಹಿಸುವ ಶ್ರದ್ಧೆಯಿಂದಲೇ ಈ ನೆನಪುಗಳನ್ನೂ ದಾಖಲಿಸಬೇಕಾಗಿದೆ. ಅವರು ಯಾವುದಕ್ಕೆ ಹೆದರಿದರು, ಎಲ್ಲಿ ನಕ್ಕರು ಎಂಬುದು ತಿಳಿದಾಗಲೇ ಆ ಚಿತ್ರಗಳನ್ನು ಕುರಿತ ನಮ್ಮ ನಗೆಗೂ ಅರ್ಥ ಬರುತ್ತದೆ.