ಹಿಂಗಾಲಿನ ಗಿಣ್ಣು ಎಣಿಸಿ ನೋಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಕೆಂಪು ಮಣ್ಣಿನಲ್ಲಿ ಹೊಗೆಸೊಪ್ಪಿನ ಸಸಿ ನೆಟ್ಟ ಮೇಲೆ ಅಲ್ಲೊಂದು ಇಲ್ಲೊಂದು ಬಾಡಿ ನಿಲ್ಲುವುದುಂಟು. ಬುಡದ ಹೆಂಟೆ ಸರಿಸಿದಾಗ ಕಪ್ಪು ಹುಳವೊಂದು ಓಡಿದರೆ ಮುಗಿಯಿತು; ತಪ್ಪಿತಸ್ಥ ಸಿಕ್ಕನೆಂದು ಔಷಧದ ಪಂಪು ಹೆಗಲೇರುತ್ತದೆ. ಆದರೆ ಆ ಹುಳ ಇತರ ಕೀಟಗಳನ್ನು ತಿಂದು ಬದುಕುವ ನೆಲಜೀರುಂಡೆಯೂ ಆಗಿರಬಹುದು, ಸಸಿಯ ಕಾಂಡ ಕಡಿಯುವ ಟೆನೆಬ್ರಿಯೊನಿಡೇ ಕುಟುಂಬದ್ದೂ ಆಗಿರಬಹುದು. ಭಾರತದ ಹೊಗೆಸೊಪ್ಪಿನ ಪೀಡೆಗಳಲ್ಲಿ ಈ ಕುಟುಂಬದ ಮೆಸೊಮಾರ್ಫಸ್ ವಿಲ್ಲಿಗರ್ ಹಳೆಯ ಹೆಸರು.

ಬಣ್ಣ ನಂಬಿದರೆ ಕೆಟ್ಟಿರಿ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಹುಳವನ್ನು ಮಗುಚಿ, ಪಾದ ನೋಡಿ. ಮುಂದಿನ ಎರಡು ಜೊತೆ ಕಾಲುಗಳ ಪಾದದಲ್ಲಿ ಐದೈದು ಗಿಣ್ಣು, ಕೊನೆಯ ಜೊತೆಯಲ್ಲಿ ನಾಲ್ಕೇ ಇದ್ದರೆ ಟೆನೆಬ್ರಿಯೊನಿಡೇ ಎಂಬ ಗುಮಾನಿ ಬಲವಾಗುತ್ತದೆ. ನೆಲಜೀರುಂಡೆಗೆ ಎಲ್ಲ ಕಾಲಲ್ಲೂ ಐದೇ. ಕುಡಿಮೀಸೆಯ ಬುಡ ತಲೆಯಂಚಿನ ಸೂರಿನಡಿ ಅವಿತಿದ್ದು, ಕಣ್ಣಿನ ಮುಂಭಾಗ ಒಳಸರಿದಿದ್ದರೆ ಗುಮಾನಿ ಇನ್ನೂ ಗಟ್ಟಿ. ಗಿಣ್ಣಿನ ಲೆಕ್ಕವೊಂದೇ ಸಾಲದು: ಅವರೆ, ಹೆಸರಿನ ಹೂವು ಮೇಯುವ, ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಹುಳಕ್ಕೂ ಅದೇ ಲೆಕ್ಕ. ಅದರ ಮೈ ಮೆತ್ತಗೆ, ಕತ್ತು ಸಣ್ಣ.

ಜಗತ್ತಿನಲ್ಲಿ ಈ ಕುಟುಂಬದ ಸುಮಾರು 20,000 ಪ್ರಭೇದಗಳಿವೆ. ವಿಂಗಡಣೆಯೂ ಒಂದೇ ಕಡೆ ನಿಂತಿಲ್ಲ. ಹಿಂದೆ ಪ್ರತ್ಯೇಕ ಕುಟುಂಬಗಳಾಗಿದ್ದ ಲಾಗ್ರಿಡೇ, ಅಲೆಕ್ಯುಲಿಡೇ ಈಗ ಇದರೊಳಗೇ ಉಪಕುಟುಂಬಗಳಾಗಿ ಸೇರಿವೆ. ಹಳೆಯ ಪುಸ್ತಕ ನಂಬಿ ಹೆಸರು ಹುಡುಕುವವರು ಇಲ್ಲೇ ಎಡವುವುದು.

ಅಡುಗೆಮನೆಯಲ್ಲಂತೂ ಈ ಕುಟುಂಬದವರು ಹಳೆಯ ನೆಂಟರು. ರಾಗಿ ಕಾಳಿಗೆ ಅಷ್ಟು ಬೇಗ ಹುಳ ಬೀಳದು, ಹಿಟ್ಟು ಮಾಡಿಸಿಟ್ಟರೆ ಕಥೆಯೇ ಬೇರೆ. ಜರಡಿಯಲ್ಲಿ ಸಿಗುವ ಮೂರು-ನಾಲ್ಕು ಮಿಲಿಮೀಟರಿನ ಕೆಂಗಂದು ಹುಳ ಟ್ರೈಬೋಲಿಯಂ ಕ್ಯಾಸ್ಟೇನಿಯಂ. 1797ರಲ್ಲಿ ಹರ್ಬ್ಸ್ಟ್ ವಿವರಿಸಿದ್ದು. 2008ರಲ್ಲಿ ಇದರ ಇಡೀ ಜೀನೋಮನ್ನೇ ಓದಿ ಪ್ರಕಟಿಸಿದರು. ಹಿಟ್ಟು ಕಮಟು ವಾಸನೆ ಹೊಡೆಯುವುದು ಇದು ಸ್ರವಿಸುವ ಕ್ವಿನೋನ್‌ಗಳಿಂದ. ಇದರ ದಾಯಾದಿ ಕನ್‌ಫ್ಯೂಸಂ ಬರಿಗಣ್ಣಿಗೆ ಥೇಟ್ ಇದೇ. ಮಸೂರದಡಿ ಮಾತ್ರ ಭೇದ: ಕ್ಯಾಸ್ಟೇನಿಯಂನ ಕುಡಿಮೀಸೆಯ ಕೊನೆಯ ಮೂರು ಗಿಣ್ಣು ಒಮ್ಮೆಗೇ ದಪ್ಪ, ಇನ್ನೊಂದರಲ್ಲಿ ಬುಡದಿಂದ ತುದಿಗೆ ಮೆಲ್ಲನೆ ದಪ್ಪವಾಗುತ್ತ ಹೋಗುತ್ತದೆ.

ಹದ ಮಾಡಿಟ್ಟ ಹೊಗೆಸೊಪ್ಪನ್ನು ತೂತು ಕೊರೆಯುವ ಲ್ಯಾಸಿಯೊಡರ್ಮಾ ಇವರ ಪೈಕಿಯಲ್ಲ. ತಲೆ ಎದೆಯಡಿಗೆ ಬಾಗಿದ್ದು, ಕುಡಿಮೀಸೆ ಗರಗಸದ ಹಲ್ಲಿನಂತಿದ್ದರೆ ಅದೇ. ಹಿಟ್ಟಿನ ಡಬ್ಬ ಬಿಸಿಲಿಗಿಟ್ಟು ಗೋದಾಮಿನ ಈ ಹುಳ ಹೋಯಿತೆಂದುಕೊಳ್ಳುವುದು ದಂಡದ ಕೆಲಸ.

ಪ್ರಭೇದದ ಮಟ್ಟಕ್ಕೆ ಹೋಗಬೇಕೆಂದರೆ ಬಹಳ ಸಲ ಗಂಡು ಹುಳದ ಜನನಾಂಗ ಬಿಡಿಸಿ ನೋಡಬೇಕು. ಅದು ತಜ್ಞರ ಕೆಲಸ. ರೈತ ಮಾಡಬಹುದಾದದ್ದು, ಹುಳವನ್ನು ಜಜ್ಜದೆ ಶೀಶೆಗೆ ಹಾಕಿ ಚೀಟಿ ಬರೆಯುವುದು: ಊರು, ತಾಲ್ಲೂಕು, ತಾರೀಖು, ಯಾವ ಬೆಳೆ, ಬುಡದಲ್ಲೋ ಎಲೆ ಮೇಲೋ. ಚೀಟಿ ಇಲ್ಲದ ಹುಳ ತಂದರೆ ಎಂಥ ತಜ್ಞರಿಗೂ ಅರ್ಧ ವಿಷಯ ತಿಳಿಯುವುದಿಲ್ಲ.