‘ಸ್ಕ್ವರ್ಟ್’ ಎಂಬುದಕ್ಕೆ ಕನ್ನಡವೇನು?

ದ್ರವವು ಕಿರುಬಾಯಿಯಿಂದ ಒತ್ತಡಕ್ಕೊಳಗಾಗಿ ಧಾರೆಯಾಗಿ ಹೊಮ್ಮುವುದನ್ನು ಆಂಗ್ಲರು ‘ಸ್ಕ್ವರ್ಟ್’ ಎನ್ನುವರು. 15ನೆಯ ಶತಮಾನದಿಂದ ಕಾಣಬರುವ ಈ ಕ್ರಿಯಾಪದಕ್ಕೆ ಕೆಳಜರ್ಮನ್ ಭಾಷೆಯ ‘ಸ್ವಿರ್ಟ್ಯೆನ್’ ಸೋದರಶಬ್ದವೆಂದೂ, ಎರಡೂ ಧ್ವನ್ಯನುಕರಣಗಳೆಂದೂ ನಿರುಕ್ತಕಾರರ ಊಹೆ. ಅದೇ ಹೆಸರು ಉಪಕರಣಕ್ಕೂ ಸಂದಿತು.

ಕನ್ನಡದಲ್ಲಿ ಆ ಉಪಕರಣಕ್ಕೆ ‘ಜೀರ್ಕೊಳವಿ’ ಎಂಬ ಸೊಗಸಾದ ಪ್ರಾಚೀನ ಪದವುಂಟು. ಇದರ ‘ಜೀರ್’ ಕೂಡ ಅನುಕರಣವೇ ಆಗಿರಬೇಕು. ಉತ್ತರದಿಂದ ಬಂದ ‘ಪಿಚಕಾರಿ’ ಅದನ್ನು ಮೂಲೆಗೊತ್ತಿತು. ತೊಡಕಿರುವುದು ಕ್ರಿಯೆಯಲ್ಲಿ. ‘ಚಿಮ್ಮು’ ಎಂದರೆ ಬೆರಳಿನಿಂದ ಚಿಮ್ಮುವುದೂ ಆದೀತು. ಅಲ್ಲಿ ನಳಿಗೆಯೂ ಇಲ್ಲ, ಒತ್ತಡವೂ ಇಲ್ಲ. ‘ಸಿಂಪಡಿಸು’ ಎಂಬಲ್ಲಿ ಹನಿಗಳ ಚೆದರಿಕೆಯೇ ಮುಖ್ಯ. ಅದು ‘ಸ್ಪ್ರೇ’ ಶಬ್ದಕ್ಕೆ ಸಲ್ಲತಕ್ಕದ್ದು.

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಕೆತೋಟಗಳ ಮಾತು ಇಲ್ಲಿ ವಿಚಾರಾರ್ಹವಾಗಿದೆ. 1910ರಲ್ಲಿ ಮೈಸೂರು ಸರಕಾರದ ಲೆಸ್ಲಿ ಕೋಲ್ಮನ್ ಸವಿಸ್ತಾರವಾಗಿ ವರ್ಣಿಸಿದ ಕೊಳೆರೋಗಕ್ಕೆ ಈ ಸೀಮೆಯಲ್ಲಿ ‘ಮಹಾಳಿ’ ಎಂದು ಹೆಸರು. ಅದು ತಗಲದಂತೆ ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಪಂಪಿನಿಂದ ಒತ್ತಿ ಗೊನೆಗಳಿಗೆ ತಲಪಿಸುವರು. ಕೃಷಿಪುಸ್ತಿಕೆಗಳು ಇದನ್ನು ‘ಸಿಂಪಡಣೆ’ ಎನ್ನುತ್ತವೆ. ಕೃಷಿಕನು ‘ಮದ್ದು ಬಿಡುವುದು’ ಎನ್ನುತ್ತಾನೆ, ತುಳುವಿನಲ್ಲಿ ‘ಮರ್ದ್ ಬುಡ್ಪುನಿ’. ನಳಿಗೆಯ ತುದಿಯಲ್ಲಿ ದ್ರವವು ಹನಿಯಾಗಿ ಒಡೆಯುವುದು ನಿಜ. ಆದರೆ ಆಡುಮಾತು ಹನಿಯನ್ನು ಗಣಿಸಿಲ್ಲ. ‘ಬಾಣ ಬಿಡು’ ಎಂಬಲ್ಲಿರುವಂತೆ, ತಡೆದಿಟ್ಟ ಬಲವನ್ನು ಗುರಿಯತ್ತ ಹರಿಯಗೊಡುವುದೇ ಇಲ್ಲಿಯ ‘ಬಿಡು’ವಿನ ಅರ್ಥ. ಒಂದು ಮರದ ತುದಿಯಲ್ಲಿದ್ದು ನೆರೆಮರದ ಗೊನೆಗೆ ಗುರಿಯಿಡುವವನಿಗೆ ಬೇರೆ ಪದವೇಕೆ?

ಕೋಶಕಾರರು ‘ಸ್ಕ್ವರ್ಟ್’ ಶಬ್ದಕ್ಕೆ ‘ಚಿಮ್ಮಿಸು’ ಎಂಬುದರೊಡನೆ ‘ಧಾರೆ ಬಿಡು’ ಎಂಬುದನ್ನೂ ಸೇರಿಸುವುದು ಯುಕ್ತ. ಉಪಕರಣಕ್ಕೆ ‘ಜೀರ್ಕೊಳವಿ’ ಸಿದ್ಧವಾಗಿಯೇ ಇದೆ.