ಕಾಲಿಗೆ ಮಾತ್ರ ವಿಶ್ರಾಂತಿ

ದೀಪಾವಳಿಗೆಂದು ಪುಣೆಯಿಂದ ಊರಿಗೆ ಹೊರಟರೆ ಈಗ ಸ್ಟಿಯರಿಂಗ್ ನಿಮ್ಮ ಕೈಯಲ್ಲಿರುತ್ತದೆ. ಅಪ್ಪ ಪಕ್ಕದ ಸೀಟಿಗೆ ಸರಿದಿದ್ದಾರೆ. ಅಮ್ಮ, ಅಜ್ಜಿ ಹಿಂದೆ. ಕೊಲ್ಹಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಯ ಕಡೆ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಆಕ್ಸಲರೇಟರ್ ಒತ್ತಿ ಒತ್ತಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. "ಕ್ರೂಸ್ ಕಂಟ್ರೋಲ್ ಹಾಕಿಸಿಬಿಡು" ಎಂದು ಸ್ನೇಹಿತರು ಸಲಹೆ ಕೊಡುವುದು ಆಗಲೇ.

ನೀವು ಗೊತ್ತುಮಾಡಿದ ವೇಗವನ್ನು ಕಾರೇ ಕಾಯ್ದುಕೊಳ್ಳುವ ಈ ಉಪಕರಣದ ಜನಕ ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್. ಐದನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡವರು! 1950ರಲ್ಲಿ ಪೇಟೆಂಟ್ ಸಿಕ್ಕಿತು. ಕ್ರೈಸ್ಲರ್ ಕಂಪನಿಯ 1958ರ ಮಾದರಿಗಳಲ್ಲಿ ಅದು ಮೊದಲು ಬಂತು. ಎಳೆದಾಡಿಸುತ್ತಾ ಓಡಿಸುವವರ ಪಕ್ಕದಲ್ಲಿ ಕೂರುವ ಕಷ್ಟ ಅವರಿಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು?

ಹಳೆಯ ಸಣ್ಣ ಕಾರುಗಳಲ್ಲಿ ಪೆಡಲಿನಿಂದ ಇಂಜಿನ್ನಿಗೆ ಒಂದು ಕೇಬಲ್ ಹೋಗುತ್ತಿತ್ತು. ಅದನ್ನೆಳೆಯಲು ಪ್ರತ್ಯೇಕ ಮೋಟಾರು ಕೂಡಿಸಬೇಕಿತ್ತು. ಈಗಿನ ಕಾರುಗಳಲ್ಲಿ ಪೆಡಲು ಕಳಿಸುವುದು ವಿದ್ಯುತ್ ಸಂಕೇತ ಮಾತ್ರ. ಆದ್ದರಿಂದ ಪೆಡಲಿಗೂ ಅದರ ವೈರಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು. ಕೆಲವು ಕಾರುಗಳ ಕಂಪ್ಯೂಟರಿನಲ್ಲಿ ಈ ಸೌಲಭ್ಯ ಮೊದಲೇ ಇರುತ್ತದೆ, ಅಗ್ಗದ ಮಾದರಿಗೆ ಗುಂಡಿ ಕೊಟ್ಟಿರುವುದಿಲ್ಲ, ಅಷ್ಟೇ. ಯಾವ ವೈರು ಕತ್ತರಿಸುತ್ತಾರೆ, ವಾರಂಟಿಯ ಗತಿಯೇನು ಎಂದು ಮೊದಲೇ ಕೇಳಿ.

ಉಳಿದರ್ಧವೇ ಮುಖ್ಯ. ಬ್ರೇಕ್ ಮುಟ್ಟಿದೊಡನೆ ಕ್ರೂಸ್ ಬಿಟ್ಟುಕೊಡಬೇಕು. ಕ್ಲಚ್ ಒತ್ತಿದಾಗಲೂ ಹಾಗೆಯೇ. ಇಲ್ಲವಾದರೆ ಭಾರ ತಪ್ಪಿದ ಇಂಜಿನ್ ಕಿರುಚಿಕೊಳ್ಳುತ್ತದೆ. ಈ ಎರಡು ಸ್ವಿಚ್ಚುಗಳ ಸಂಪರ್ಕವನ್ನು "ಆಮೇಲೆ ನೋಡೋಣ" ಎನ್ನುವ ಮೆಕ್ಯಾನಿಕ್ಕನಿಗೆ ಕೀಲಿಕೈ ಕೊಡಬೇಡಿ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಬ್ರೇಕ್, ಕ್ಲಚ್, ಗುಂಡಿ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಒಂದು ಕೈಕೊಟ್ಟರೂ ತೆಗೆಸಿಬಿಡಿ. ಕೊಟ್ಟ ದುಡ್ಡಿಗೆ ಮರುಗಬೇಡಿ.

ಸಾಮಾನ್ಯ ಕ್ರೂಸ್ ಬ್ರೇಕ್ ಹಾಕುವುದಿಲ್ಲ. ಘಾಟಿನ ಇಳಿಜಾರಿನಲ್ಲಿ ಕಾರು ತಾನಾಗಿ ವೇಗ ಪಡೆಯುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಚಕ್ರ ಜಾರಿದರೂ ಅದು ಇಂಜಿನ್ನನ್ನು ಒತ್ತುತ್ತಲೇ ಇರಬಹುದು. ಕಬ್ಬಿನ ಹಂಗಾಮಿನಲ್ಲಿ ಕರಾಡ, ಕೊಲ್ಹಾಪುರದ ಬಳಿ ಹಿಂದೀಪವಿಲ್ಲದ ಟ್ರಾಲಿಗಳು ಕತ್ತಲಲ್ಲಿ ತೆವಳುತ್ತಿರುತ್ತವೆ. ಕ್ರೂಸಿಗೆ ಅವು ಕಾಣುವುದಿಲ್ಲ. ಇಂಥಲ್ಲೆಲ್ಲ ಅದನ್ನು ಆರಿಸಿ, ಕಾಲನ್ನು ಬ್ರೇಕಿನ ಹತ್ತಿರವೇ ಇಟ್ಟುಕೊಳ್ಳಿ. ಕಾಲಿಗೆ ಕೆಲಸ ತಪ್ಪಿದರೆ ನಿದ್ದೆಯೂ ಬೇಗ ಹತ್ತುತ್ತದೆ. ಎರಡು ಗಂಟೆಗೊಮ್ಮೆ ಚಹಾಕ್ಕೆ ನಿಲ್ಲಿಸಿ, ಅಜ್ಜಿಯೂ ಇಳಿದು ನಾಲ್ಕು ಹೆಜ್ಜೆ ನಡೆಯಲಿ.